ನಿತ್ಯ ಓಡಾಟದ ಕಾರಿಗೆ ವೇಗದ ಡಿಸ್‌ಪ್ಲೇ ಮತ್ತು ಕ್ರೂಸ್ ಕಂಟ್ರೋಲ್: ಜೋಡಣೆಯ ದಾಖಲೆ

ದಿನವೂ ಕೆಲಸಕ್ಕೆ ಹೋಗಿಬರಲು ಬಳಸುವ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರಿಗೆ ಎರಡು ಸೌಲಭ್ಯಗಳನ್ನು ಸೇರಿಸುವ ಕೆಲಸ ಈಗ ಮುಗಿದಿದೆ. ಒಂದು, ಮೀಟರಿನ ಮೇಲೆ ವೇಗವನ್ನು ದೊಡ್ಡ ಅಂಕಿಗಳಲ್ಲಿ ತೋರಿಸುವ ಡಿಸ್‌ಪ್ಲೇ. ಇನ್ನೊಂದು, ಆಕ್ಸಿಲರೇಟರ್ ಒತ್ತದೆಯೇ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಕ್ರೂಸ್ ಕಂಟ್ರೋಲ್. ಕಾರು ಮ್ಯಾನುವಲ್ ಗೇರಿನದು. ಆಕ್ಸಿಲರೇಟರ್ ಪೆಡಲಿಗೂ, ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲಿಗೂ ನಡುವೆ ಕೇಬಲ್ ಇಲ್ಲ. ಪೆಡಲಿನ ಸೆನ್ಸರ್ ಕೊಡುವ ವೋಲ್ಟೇಜನ್ನು ಓದಿ ಎಂಜಿನ್ನಿನ ನಿಯಂತ್ರಣ ಕಂಪ್ಯೂಟರ್ ಆದ ಇಸಿಯುವೇ ಮೋಟಾರಿನ ಮೂಲಕ ಥ್ರಾಟಲ್ ತೆರೆಯುತ್ತದೆ. ಇದೇ ಮಾದರಿಯ ಮೇಲ್ದರ್ಜೆಯ ಆವೃತ್ತಿಗೆ ಕ್ರೂಸ್ ಕಂಟ್ರೋಲ್ ಕಾರ್ಖಾನೆಯಿಂದಲೇ ಬರುತ್ತದೆ, ಕೆಳದರ್ಜೆಯದಕ್ಕೆ ಬರುವುದಿಲ್ಲ, ಆದರೆ ಎರಡರಲ್ಲೂ ಇರುವ ಇಸಿಯು ಒಂದೇ ಎಂಬುದು ಈ ಕೆಲಸಕ್ಕೆ ಆಧಾರವಾಯಿತು.

ಡಿಸ್‌ಪ್ಲೇ ಕೆಟ್ಟರೆ ಒಂದು ಅಂಕಿ ಕಾಣುವುದಿಲ್ಲ, ಅಷ್ಟೇ. ಕ್ರೂಸ್ ಹಾಗಲ್ಲ; ಅದು ಆನ್ ಆಗುವಂತೆ ಮಾಡುವುದಕ್ಕಿಂತ, ಬ್ರೇಕ್ ಅಥವಾ ಕ್ಲಚ್ ಮುಟ್ಟಿದ ಕೂಡಲೇ ಅದು ಬಿಟ್ಟುಕೊಡುವಂತೆ ಮಾಡುವುದೇ ಈ ಕೆಲಸದ ಮುಖ್ಯ ಭಾಗ. ಆದ್ದರಿಂದ ಈ ದಾಖಲೆಯಲ್ಲಿ ಹೆಚ್ಚಿನ ಜಾಗ ಪೆಡಲುಗಳ ಹಿಂದಿನ ಸ್ವಿಚ್ಚುಗಳಿಗೆ ಹೋಗಿದೆ.

ಬಳಸಿದ ಉಪಕರಣಗಳು: ಮಲ್ಟಿಮೀಟರ್, ಬೆಸುಗೆ ಕಡ್ಡಿ, ಟರ್ಮಿನಲ್ ಒತ್ತುವ ಕ್ರಿಂಪಿಂಗ್ ಇಕ್ಕಳ, ಪ್ಲಾಸ್ಟಿಕ್ ಪ್ಯಾನೆಲ್ ಕೀಳುವ ಮೊಂಡು ಉಳಿಗಳು, ಟಾರ್ಕ್ ವ್ರೆಂಚ್, ದೋಷಸಂಕೇತಗಳನ್ನೂ ಲೈವ್ ಡೇಟಾವನ್ನೂ ಓದಬಲ್ಲ ಸ್ಕ್ಯಾನ್ ಉಪಕರಣ, ಮತ್ತು ಆ ಮಾದರಿಯ ವೈರಿಂಗ್ ನಕ್ಷೆ. ಕೊನೆಯದು ಕೈಯಲ್ಲಿಲ್ಲದೆ 8ನೆಯ ಹಂತದ ನಂತರದ ಕೆಲಸಗಳಿಗೆ ಕೈ ಹಾಕಬಾರದು.

ಹಂತ 1: ಓಬಿಡಿ ಸಾಕೆಟ್ಟಿನ ಅಳತೆ

ಸ್ಟೀರಿಂಗ್ ಕೆಳಗಿರುವ, ಕಾರಿನ ದೋಷ ಹುಡುಕುವ ಉಪಕರಣ ಜೋಡಿಸುವ 16 ಪಿನ್ನಿನ ಓಬಿಡಿ ಸಾಕೆಟ್ಟಿನಲ್ಲಿ ಮೊದಲು ವೋಲ್ಟೇಜ್ ನೋಡಿದೆ. 16ನೆಯ ಪಿನ್ನಿನಲ್ಲಿ ಬ್ಯಾಟರಿಯ ಪಾಸಿಟಿವ್, 4ರಲ್ಲಿ ಬಾಡಿ ಗ್ರೌಂಡ್, 5ರಲ್ಲಿ ಸಿಗ್ನಲ್ ಗ್ರೌಂಡ್ ಇರುತ್ತದೆ. 6 ಮತ್ತು 14ರಲ್ಲಿ, ಕಾರಿನ ಘಟಕಗಳು ಪರಸ್ಪರ ಸಂದೇಶ ಕಳಿಸುವ ಕ್ಯಾನ್ ಸಾಲಿನ ಎರಡು ತಂತಿಗಳು: ಕ್ಯಾನ್ ಹೈ ಮತ್ತು ಕ್ಯಾನ್ ಲೋ. ಕಾರು ನಿಂತಿದ್ದಾಗ 16ರಲ್ಲಿ 12.6 ವೋಲ್ಟ್, ಎಂಜಿನ್ ಚಾಲೂ ಇದ್ದಾಗ 14.2 ವೋಲ್ಟ್ ಬಂತು. ನಂತರ ಬ್ಯಾಟರಿಯ ನೆಗೆಟಿವ್ ಬಿಚ್ಚಿ 6 ಮತ್ತು 14ರ ನಡುವೆ ಓಮ್ ಅಳೆದಾಗ 60 ಬಂತು. ಸಾಲಿನ ಎರಡು ತುದಿಗಳಲ್ಲಿ ತಲಾ 120 ಓಮಿನ ರೆಸಿಸ್ಟರ್ ಇದ್ದರೆ ಬರಬೇಕಾದ ಸಂಖ್ಯೆ ಇದೇ. ಈ 60 ಎಂಬುದನ್ನು ಬರೆದಿಟ್ಟುಕೊಂಡದ್ದು 4ನೆಯ ಹಂತದಲ್ಲಿ ಉಪಯೋಗಕ್ಕೆ ಬಂತು.

ಹಂತ 2: ಬ್ಲೂಟೂತ್ ಅಡಾಪ್ಟರ್ ಮತ್ತು ಫೋನ್

ಸುಲಭವಾದ ದಾರಿಯೆಂದು ಇಎಲ್‌ಎಂ327 ಮಾದರಿಯ ಬ್ಲೂಟೂತ್ ಅಡಾಪ್ಟರನ್ನು ಸಾಕೆಟ್ಟಿಗೆ ಚುಚ್ಚಿ ಫೋನಿನಲ್ಲಿ ವೇಗ ನೋಡಿದೆ. "010ಡಿ" ಎಂದು ಕೇಳಿದರೆ "41 0ಡಿ 3ಸಿ" ಎಂದು ಉತ್ತರ ಬರುತ್ತದೆ. ಸಂಖ್ಯೆಗಳು ಹದಿನಾರರ (ಹೆಕ್ಸ್) ಎಣಿಕೆಯಲ್ಲಿರುತ್ತವೆ; ಕೊನೆಯ ಬೈಟ್ 3ಸಿ ಎಂದರೆ ದಶಮಾನದಲ್ಲಿ 60, ಅಂದರೆ ಗಂಟೆಗೆ 60 ಕಿಲೋಮೀಟರ್. ಎಂಜಿನ್ ಸುತ್ತುಗಳಿಗೆ "010ಸಿ" ಎಂದು ಕೇಳಬೇಕು. ಉತ್ತರದ ಎರಡು ಬೈಟ್‌ಗಳಲ್ಲಿ ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, 4ರಿಂದ ಭಾಗಿಸಬೇಕು. 1ಎ ಮತ್ತು ಎಫ್8 ಬಂದರೆ 1726 ಸುತ್ತು. ಕೂಲೆಂಟ್ ಉಷ್ಣತೆಗೆ "0105", ಬಂದ ಸಂಖ್ಯೆಯಿಂದ 40 ಕಳೆಯಬೇಕು. ಕಾರು ಇವೆಲ್ಲಕ್ಕೂ ಉತ್ತರಿಸುತ್ತದೆ ಎಂಬುದು ಖಚಿತವಾಯಿತು.

ಆದರೆ ಈ ವ್ಯವಸ್ಥೆಯನ್ನು ಕಾಯಂ ಆಗಿ ಇಡಲಾಗಲಿಲ್ಲ. ಪ್ರತಿ ಸಲ ಫೋನ್ ಜೋಡಣೆಗೆ ಕಾಯಬೇಕು, ಕರೆ ಬಂದರೆ ಅಂಕಿ ಮರೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, 16ನೆಯ ಪಿನ್ನಿಗೆ ಸದಾ ವಿದ್ಯುತ್ ಇರುವುದರಿಂದ ಕೀಲಿ ತೆಗೆದ ಮೇಲೂ ಅಡಾಪ್ಟರ್ 45 ಮಿಲಿಆಂಪಿಯರ್ ಎಳೆಯುತ್ತಲೇ ಇತ್ತು. ದಿನಕ್ಕೆ ಸುಮಾರು 1.1 ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ 45 ಆಂಪಿಯರ್-ಅವರ್ ಬ್ಯಾಟರಿ ಮೂರು ವಾರ ನಿಂತರೆ ಅರ್ಧ ಖಾಲಿ. ಅಡಾಪ್ಟರನ್ನು ಪರೀಕ್ಷೆಗೆ ಮಾತ್ರ ಉಳಿಸಿಕೊಂಡೆ.

ಹಂತ 3: ಗಾಜಿನ ಮೇಲೆ ಪ್ರತಿಬಿಂಬ ಮೂಡಿಸುವ ಪ್ರಯತ್ನ

ಡ್ಯಾಶ್‌ಬೋರ್ಡ್ ಮೇಲೆ ಮಲಗಿಸಿದ ಸಣ್ಣ ಓಎಲ್‌ಇಡಿ ಪರದೆಯಲ್ಲಿ ಅಂಕಿಯನ್ನು ತಿರುಗುಮುರುಗಾಗಿ ಮೂಡಿಸಿ, ಮುಂದಿನ ಗಾಜಿನಲ್ಲಿ ಅದರ ಪ್ರತಿಬಿಂಬ ಕಾಣುವಂತೆ ಮಾಡಿ ನೋಡಿದೆ. ರಾತ್ರಿ ಚೆನ್ನಾಗಿ ಕಂಡರೂ ಅಂಕಿ ಎರಡೆರಡಾಗಿ, ಒಂದರ ಮೇಲೊಂದು ಸ್ವಲ್ಪ ಸರಿದಂತೆ ಕಾಣುತ್ತಿತ್ತು. ಗಾಜಿನ ಒಳಮೈ ಒಂದು ಬಿಂಬವನ್ನೂ ಹೊರಮೈ ಇನ್ನೊಂದನ್ನೂ ಕೊಡುವುದೇ ಕಾರಣ. ಕಾರ್ಖಾನೆಯಿಂದ ಇಂಥ ಸೌಲಭ್ಯದೊಂದಿಗೆ ಬರುವ ಕಾರುಗಳಲ್ಲಿ ಗಾಜಿನ ಎರಡು ಪದರಗಳ ನಡುವಿನ ಪ್ಲಾಸ್ಟಿಕ್ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ತೆಳುವಾಗುವಂತೆ ಮಾಡಿ ಎರಡು ಬಿಂಬಗಳನ್ನೂ ಒಂದೇ ಕಡೆ ಕೂಡಿಸಿರುತ್ತಾರೆ. ಸಾಮಾನ್ಯ ಗಾಜಿಗೆ ಆ ಅನುಕೂಲವಿಲ್ಲ. ಪ್ರತಿಫಲಿಸುವ ಹಾಳೆಯೊಂದನ್ನು ಗಾಜಿಗೆ ಅಂಟಿಸಿದಾಗ ಎರಡನೆಯ ಬಿಂಬ ಮಸುಕಾಯಿತು, ಆದರೆ ಹಗಲಿನಲ್ಲಿ ಮೊದಲನೆಯದೂ ಕಾಣಲಿಲ್ಲ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡರೆ ಏನೂ ಇಲ್ಲ. ಅದಲ್ಲದೆ, ಕಣ್ಣಿನ ನೇರದಲ್ಲಿ ಗಾಜಿಗೆ ಹಾಳೆ ಅಂಟಿಸುವುದು ನನಗೆ ಸರಿಯೆನಿಸಲಿಲ್ಲ. ಈ ದಾರಿಯನ್ನು ಇಲ್ಲಿಗೇ ಕೈಬಿಟ್ಟೆ.

ಹಂತ 4: ಡಿಸ್‌ಪ್ಲೇಯ ಒಳಭಾಗ

ಕೊನೆಗೆ ಆರಿಸಿದ್ದು ಹಳೆಯ ಬಗೆಯ ಏಳು ಖಂಡಗಳ ಎಲ್‌ಇಡಿ ಅಂಕಿಗಳನ್ನೇ: 0.56 ಇಂಚು ಎತ್ತರದ ಮೂರು ಅಂಕಿಗಳು, ಅವನ್ನು ನಡೆಸಲು ಮ್ಯಾಕ್ಸ್7219 ಚಿಪ್, ಕಾರಿನೊಂದಿಗೆ ಮಾತಾಡಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಇಎಸ್‌ಪಿ32ರೊಳಗೆ ಕ್ಯಾನ್ ಕಂಟ್ರೋಲರ್ ಇದೆ, ಆದರೆ ತಂತಿಗೆ ನೇರವಾಗಿ ಜೋಡಿಸಲಾಗದು; ನಡುವೆ ಸಂಕೇತಗಳನ್ನು ತಂತಿಗೆ ಹೊಂದುವಂತೆ ಬದಲಿಸುವ ಟ್ರಾನ್ಸೀವರ್ ಬೇಕು. 3.3 ವೋಲ್ಟಿನಲ್ಲಿ ನಡೆಯುವ ಎಸ್‌ಎನ್65ಎಚ್‌ವಿಡಿ230 ಚಿಪ್ಪಿನ ಸಣ್ಣ ಮಾಡ್ಯೂಲ್ ತಂದೆ.

ಇಲ್ಲಿ ಎರಡು ತೊಡಕುಗಳು ಎದುರಾದವು. ಮಾಡ್ಯೂಲನ್ನು ಓಬಿಡಿ ಸಾಲಿಗೆ ಜೋಡಿಸಿ, ಕೀಲಿ ಹಾಕುವ ಮುನ್ನ ಮತ್ತೆ ಓಮ್ ಅಳೆದಾಗ 60ರ ಬದಲು 40 ಬಂತು. ಮಾಡ್ಯೂಲಿನ ಮೇಲೆ 121 ಎಂದು ಬರೆದ ಸಣ್ಣ ರೆಸಿಸ್ಟರ್ ಇತ್ತು. 121 ಎಂದರೆ 120 ಓಮ್. ಮಾಡ್ಯೂಲನ್ನು ಸಾಲಿನ ತುದಿಯಲ್ಲಿ ಬಳಸುವುದಾದರೆ ಅದು ಬೇಕು, ಆಗಲೇ ಎರಡೂ ತುದಿ ಮುಚ್ಚಿರುವ ಕಾರಿನ ಸಾಲಿನಲ್ಲಿ ಮೂರನೆಯದಾಗಿ ಇರಬಾರದು. ಬೆಸುಗೆ ಕಡ್ಡಿಯಿಂದ ಅದನ್ನು ತೆಗೆದ ಮೇಲೆ ಮತ್ತೆ 60 ಬಂತು. ಅಳೆಯದೆ ಜೋಡಿಸಿದ್ದರೂ ಕಾರು ಬಹುಶಃ ಓಡುತ್ತಿತ್ತು. ಆದರೆ ಬ್ರೇಕು, ಸ್ಟೀರಿಂಗುಗಳ ಸಂದೇಶಗಳೂ ಹರಿಯುವ ಸಾಲಿನಲ್ಲಿ "ಬಹುಶಃ" ಎಂಬುದಕ್ಕೆ ಜಾಗ ಕೊಡಲು ನಾನು ಸಿದ್ಧನಿಲ್ಲ.

ಎರಡನೆಯದು, ಅಂಕಿಗಳು ಆಗಾಗ ಅರ್ಥವಿಲ್ಲದ ಗೆರೆಗಳಾಗಿ ಬದಲಾಗುತ್ತಿದ್ದವು. ಮ್ಯಾಕ್ಸ್7219ಕ್ಕೆ 5 ವೋಲ್ಟ್ ಕೊಟ್ಟಾಗ ಅದು 3.5 ವೋಲ್ಟಿಗಿಂತ ಮೇಲಿನ ಸಂಕೇತವನ್ನು ಮಾತ್ರ "ಒಂದು" ಎಂದು ಖಚಿತವಾಗಿ ಗುರುತಿಸುತ್ತದೆ. ಇಎಸ್‌ಪಿ32 ಕೊಡುವುದು 3.3. ಮೇಜಿನ ಮೇಲೆ ಸರಿಯಾಗಿ ನಡೆದದ್ದು ಕಾರಿನೊಳಗಿನ ವಿದ್ಯುತ್ ಗದ್ದಲದಲ್ಲಿ ನಡೆಯಲಿಲ್ಲ. ನಡುವೆ 74ಎಎಚ್‌ಸಿಟಿ125 ಚಿಪ್ ಸೇರಿಸಿ, ಮ್ಯಾಕ್ಸ್7219ಕ್ಕೆ ಹೋಗುವ ಮೂರೂ ಸಂಕೇತಗಳನ್ನು 5 ವೋಲ್ಟಿಗೆ ಏರಿಸಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ.

ಪ್ರೋಗ್ರಾಮ್ ಚಿಕ್ಕದು. ಕ್ಯಾನ್ ವೇಗ ಸೆಕೆಂಡಿಗೆ 500 ಕಿಲೋಬಿಟ್, ವಿಳಾಸ 11 ಬಿಟ್. ಎಲ್ಲ ಘಟಕಗಳನ್ನೂ ಒಟ್ಟಿಗೆ ಕೇಳುವ 7ಡಿಎಫ್ ವಿಳಾಸಕ್ಕೆ ಬದಲಾಗಿ, ಎಂಜಿನ್ ಇಸಿಯುವನ್ನು ಮಾತ್ರ ಕೇಳುವ 7ಇ0 ಬಳಸಿದೆ. ಉತ್ತರ 7ಇ8ರಿಂದ ಬರುತ್ತದೆ. ವೇಗವನ್ನು ಸೆಕೆಂಡಿಗೆ ಐದು ಸಲ, ಕೂಲೆಂಟ್ ಉಷ್ಣತೆಯನ್ನು ಐದು ಸೆಕೆಂಡಿಗೊಮ್ಮೆ ಕೇಳುತ್ತದೆ. ಒಂದು ಸೆಕೆಂಡಿನವರೆಗೆ ಉತ್ತರ ಬರದಿದ್ದರೆ ಹಳೆಯ ಅಂಕಿಯನ್ನು ಹಿಡಿದಿಡದೆ ಮೂರು ಅಡ್ಡಗೆರೆಗಳನ್ನು ತೋರಿಸುತ್ತದೆ. ಈ ಕೊನೆಯ ನಿಯಮವನ್ನು ಯಾರೂ ಬಿಡಬಾರದು, ಏಕೆಂದರೆ ನಿಂತುಹೋದ ಅಂಕಿಯನ್ನು ನಂಬಿ ಓಡಿಸುವುದು ಅಂಕಿಯೇ ಇಲ್ಲದಿರುವುದಕ್ಕಿಂತ ಅಪಾಯಕರ.

ಹಂತ 5: ವಿದ್ಯುತ್

12 ವೋಲ್ಟಿನಿಂದ 5 ವೋಲ್ಟಿಗೆ ಇಳಿಸಲು ಎಲ್‌ಎಂ2596 ಮಾಡ್ಯೂಲ್. ಡಿಸ್‌ಪ್ಲೇಗೆ ಜೋಡಿಸುವ ಮುನ್ನವೇ ಅದರ ತಿರುಪನ್ನು ತಿರುಗಿಸಿ 5.1 ವೋಲ್ಟಿಗೆ ಹೊಂದಿಸಿದೆ. ಕಾರಿನ ಸಾಲಿನಲ್ಲಿ ಕ್ಷಣಮಾತ್ರ ಬರುವ ಹೆಚ್ಚಿನ ವೋಲ್ಟೇಜನ್ನು ತಡೆಯಲು ಮುಂಭಾಗದಲ್ಲಿ 24 ವೋಲ್ಟಿನ ಟಿವಿಎಸ್ ಡಯೋಡ್, ಅದಕ್ಕೂ ಮುಂಚೆ 2 ಆಂಪಿಯರ್ ಫ್ಯೂಸ್. ಒಟ್ಟು ಎಳೆತ, ಅಂಕಿಗಳು ಪೂರ್ತಿ ಬೆಳಗಿದಾಗ, 12 ವೋಲ್ಟ್ ಬದಿಯಲ್ಲಿ ಸುಮಾರು 170 ಮಿಲಿಆಂಪಿಯರ್.

ಮೊದಲು ವಿದ್ಯುತ್ತನ್ನು ರೇಡಿಯೋ ನಡೆಯುವ ಆಕ್ಸೆಸರಿ ಫ್ಯೂಸಿನಿಂದ ತೆಗೆದುಕೊಂಡಿದ್ದೆ. ಕೀಲಿ ಆ ಸ್ಥಾನದಲ್ಲಿದ್ದಾಗ ಇಸಿಯು ಎಚ್ಚರವಾಗಿರುವುದಿಲ್ಲ, ಡಿಸ್‌ಪ್ಲೇ ಮಾತ್ರ ಪ್ರಶ್ನೆ ಕೇಳುತ್ತಾ ಕೂರುತ್ತದೆ. ಆದ್ದರಿಂದ ಇಗ್ನಿಷನ್ ಫ್ಯೂಸಿಗೆ ಬದಲಾಯಿಸಿದೆ. ಫ್ಯೂಸ್ ಟ್ಯಾಪ್ ಬಳಸಿದ್ದರಿಂದ ಕಾರಿನ ಯಾವ ವೈರನ್ನೂ ಕತ್ತರಿಸಬೇಕಾಗಲಿಲ್ಲ. ಇನ್ನೊಂದು ತೊಂದರೆ ಎಎಂ ರೇಡಿಯೋದಲ್ಲಿ ಕೇಳಿಬಂದ ಗುಂಯ್‌ಗುಟ್ಟುವ ಸದ್ದು. ಎಲ್‌ಎಂ2596 ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಸ್ವಿಚ್ ಮಾಡುತ್ತದೆ, ಅದರ ಗುಣಕಗಳು ಎಎಂ ಪಟ್ಟಿಯೊಳಗೇ ಬೀಳುತ್ತವೆ. ಮಾಡ್ಯೂಲನ್ನು ಆಂಟೆನಾ ವೈರಿನಿಂದ ದೂರಕ್ಕೆ ಸರಿಸಿ, ಒಳಬರುವ ವೈರುಗಳನ್ನು ಹೆಣೆದು, ಫೆರೈಟ್ ಉಂಗುರವೊಂದನ್ನು ತೊಡಿಸಿದ ಮೇಲೆ ದುರ್ಬಲ ಕೇಂದ್ರಗಳಲ್ಲಿ ಮಾತ್ರ ಸ್ವಲ್ಪ ಉಳಿದಿದೆ.

ಹಂತ 6: ಪೆಟ್ಟಿಗೆ, ಜಾಗ, ಬೆಳಕು

ಪೆಟ್ಟಿಗೆಯನ್ನು ಮೊದಲು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಮುದ್ರಿಸಿದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅದು ಬಾಗಿಹೋಯಿತು. ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಮೆತ್ತಗಾಗುತ್ತದೆ. ಹೆಚ್ಚು ಬಿಸಿ ತಾಳುವ ಎಎಸ್‌ಎ ಪ್ಲಾಸ್ಟಿಕ್ಕಿನಲ್ಲಿ ಮತ್ತೆ ಮುದ್ರಿಸಿದ್ದು ಹಾಗೆಯೇ ಇದೆ. ಮುಂದೆ ಹೊಗೆಬಣ್ಣದ ಅಕ್ರಿಲಿಕ್ ಹಾಳೆ ಹಾಕಿದ್ದರಿಂದ ಉರಿಯದ ಖಂಡಗಳು ಕಾಣುವುದಿಲ್ಲ, ಹಗಲಿನಲ್ಲಿ ಅಂಕಿ ಎದ್ದು ಕಾಣುತ್ತದೆ. ಬೆಳಕನ್ನು ಅಳೆಯುವ ಎಲ್‌ಡಿಆರ್ ಒಂದು ಮ್ಯಾಕ್ಸ್7219ರ ಹದಿನಾರು ಪ್ರಕಾಶ ಮಟ್ಟಗಳ ನಡುವೆ ಬದಲಾಯಿಸುತ್ತದೆ. ರಾತ್ರಿಗೆ ಕನಿಷ್ಠ ಮಟ್ಟವೇ ಸಾಕು.

ಜಾಗ ಮೀಟರಿನ ಹುಡ್ಡಿನ ಮೇಲೆ, ಸ್ಟೀರಿಂಗ್ ಚಕ್ರದ ಮೇಲಂಚಿನಿಂದ ಸ್ವಲ್ಪವೇ ಮೇಲೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಮುಚ್ಚಳದ ಮೇಲಾಗಲಿ, ಮುಂದಿನ ಗಾಜಿನ ಪಕ್ಕದ ಕಂಬದ ಒಳಗಿನ ಪರದೆ ಏರ್‌ಬ್ಯಾಗಿನ ದಾರಿಯಲ್ಲಾಗಲಿ ಪೆಟ್ಟಿಗೆಯೂ ವೈರೂ ಬರಬಾರದು.

ಹಂತ 7: ಯಾವ ಅಂಕಿ ಸರಿ

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸುತ್ತಾ, ಪಕ್ಕದಲ್ಲಿ ಕುಳಿತವರಿಂದ ಅಂಕಿಗಳನ್ನು ಬರೆಸಿದೆ. ಮೀಟರಿನ ಮುಳ್ಳು 80 ತೋರಿಸುವಾಗ ಡಿಸ್‌ಪ್ಲೇ 76, ಜಿಪಿಎಸ್ 75ರಿಂದ 76. ಇದು ಮೀಟರಿನ ದೋಷವಲ್ಲ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದ ಪ್ರಕಾರ ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ, ಹೆಚ್ಚು ತೋರಿಸಬಹುದಾದದ್ದು ನಿಜವೇಗದ ಹತ್ತನೆಯ ಒಂದು ಭಾಗ ಮತ್ತು 4 ಕಿಲೋಮೀಟರ್ ಕೂಡಿದಷ್ಟು. ಡಿಸ್‌ಪ್ಲೇಯ ಅಂಕಿಯನ್ನು ಮೀಟರಿಗೆ ಸರಿಹೊಂದುವಂತೆ ಪ್ರೋಗ್ರಾಮಿನಲ್ಲಿ ಹೆಚ್ಚಿಸುವ ಅಗತ್ಯ ಕಾಣಲಿಲ್ಲ. ಆದರೆ ಟೈರಿನ ಅಳತೆ ಬದಲಾಯಿಸಿದ ಕಾರಿನಲ್ಲಿ ಓಬಿಡಿ ಅಂಕಿಯೂ ತಪ್ಪುತ್ತದೆ. ಅಲ್ಲಿ ಜಿಪಿಎಸ್‌ನೊಂದಿಗೆ ಹೋಲಿಸದೆ ನಂಬಬಾರದು.

ಹಂತ 8: ಪೆಡಲಿಗೆ ಜೋಡಿಸುವ ಕ್ರೂಸ್ ಮಾಡ್ಯೂಲ್, ಮತ್ತು ಅದನ್ನು ಬಿಟ್ಟ ಕಾರಣ

ಹೊರಗಿನಿಂದ ಸೇರಿಸುವ ಕ್ರೂಸ್ ಮಾಡ್ಯೂಲುಗಳು ಆಕ್ಸಿಲರೇಟರ್ ಪೆಡಲಿಗೂ ಇಸಿಯುಗೂ ನಡುವೆ ಕೂರುತ್ತವೆ. ಪೆಡಲ್ ಒತ್ತಿದಂತೆ ತೋರುವ ವೋಲ್ಟೇಜನ್ನು ಅವೇ ಸೃಷ್ಟಿಸಿ ಇಸಿಯುಗೆ ಕೊಡುತ್ತವೆ. ಅಂಥ ಒಂದನ್ನು ತಂದು ಜೋಡಿಸಿ, ಕಾರನ್ನು ನಿಲ್ಲಿಸಿಯೇ ಪರೀಕ್ಷಿಸಿದೆ. ಪೆಡಲಿನಲ್ಲಿ ಎರಡು ಸೆನ್ಸರುಗಳಿವೆ. ನನ್ನ ಕಾರಿನಲ್ಲಿ ಕಾಲು ಇಡದಿದ್ದಾಗ ಒಂದು 0.75 ವೋಲ್ಟ್ ಕೊಟ್ಟರೆ ಇನ್ನೊಂದು ಅದರ ಅರ್ಧದಷ್ಟು ಕೊಡುತ್ತದೆ, ಪೆಡಲ್ ಒತ್ತಿದಂತೆ ಎರಡೂ ಅದೇ ಅನುಪಾತದಲ್ಲಿ ಏರಬೇಕು. ಮಾಡ್ಯೂಲಿನ ಕನೆಕ್ಟರನ್ನು ಕೈಯಿಂದ ಅಲುಗಾಡಿಸಿದಾಗ ಆ ಅನುಪಾತ ತಪ್ಪಿ, ಎಂಜಿನ್ ಕಡಿಮೆ ಶಕ್ತಿಯ ಸ್ಥಿತಿಗೆ ಹೋಗಿ, ಪಿ2138 ಎಂಬ ಸಂಕೇತ ದಾಖಲಾಯಿತು. ಪೆಡಲಿನ ಎರಡು ಸೆನ್ಸರುಗಳು ಪರಸ್ಪರ ಹೊಂದುತ್ತಿಲ್ಲ ಎಂದು ಅದರ ಅರ್ಥ. ಇಸಿಯು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಆದರೆ ವೇಗದ ರಸ್ತೆಯಲ್ಲಿ ಹಿಂದಿನಿಂದ ಲಾರಿ ಬರುವಾಗ ಎಂಜಿನ್ ಹೀಗೆ ಸೊರಗಿದರೆ ಏನಾಗಬಹುದು ಎಂದು ಯೋಚಿಸಿದ ಮೇಲೆ ಮಾಡ್ಯೂಲನ್ನು ಕಳಚಿದೆ. ಇಸಿಯುವಿನೊಳಗೇ ಇರುವ ಕ್ರೂಸನ್ನು ಎಚ್ಚರಿಸಿದರೆ ಪೆಡಲಿನ ವೈರುಗಳನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ಹಂತ 9: ಮೇಜಿನ ಮೇಲೆ ಸ್ವಿಚ್ಚಿನ ಪರೀಕ್ಷೆ

ಮೇಲ್ದರ್ಜೆಯ ಆವೃತ್ತಿಯ ಮೂಲ ಸ್ವಿಚ್ಚನ್ನು ತಂದೆ. ಇಡೀ ಕೆಲಸದ ಖರ್ಚಿನಲ್ಲಿ ದೊಡ್ಡ ಪಾಲು ಇದರದೇ. ಸ್ವಿಚ್ಚಿನಿಂದ ಹೊರಡುವುದು ಎರಡೇ ವೈರು: ಒಂದು ಸಂಕೇತ, ಒಂದು ಗ್ರೌಂಡ್. ಒಂದೊಂದು ಗುಂಡಿಗೂ ಒಳಗೆ ಬೇರೆ ಬೇರೆ ರೆಸಿಸ್ಟರ್ ಇದ್ದು, ಯಾವ ಗುಂಡಿ ಒತ್ತಲಾಗಿದೆ ಎಂಬುದನ್ನು ಇಸಿಯು ಓಮಿನಿಂದಲೇ ತಿಳಿಯುತ್ತದೆ. ಏನೂ ಒತ್ತದಿದ್ದಾಗ ತೆರೆದ ಸರ್ಕ್ಯೂಟ್, ಮುಖ್ಯ ಆನ್-ಆಫ್ ಗುಂಡಿಗೆ ಸೊನ್ನೆಯ ಸಮೀಪ, ರೆಸ್ಯೂಮ್‌ಗೆ (ಬಿಟ್ಟ ವೇಗಕ್ಕೆ ಮರಳುವ ಗುಂಡಿ) ಸುಮಾರು 240 ಓಮ್, ಸೆಟ್‌ಗೆ (ಆಗಿನ ವೇಗವನ್ನು ಹಿಡಿಯುವ ಗುಂಡಿ) 630, ಕ್ಯಾನ್ಸಲ್‌ಗೆ 1540. ಗುಂಡಿಯನ್ನು ಒತ್ತಿ ಹಿಡಿದು ಅಲುಗಿಸಿದಾಗಲೂ ಸಂಖ್ಯೆ ನಿಶ್ಚಲವಾಗಿತ್ತು. ಬಳಸಿದ ಸ್ವಿಚ್ ತರುವವರು ಇದನ್ನು ಮೊದಲು ಅಳೆಯಬೇಕು, ಏಕೆಂದರೆ ಒಳಗೆ ತುಕ್ಕು ಹಿಡಿದು ಓಮ್ ಏರಿದರೆ ಒಂದು ಗುಂಡಿ ಇನ್ನೊಂದರಂತೆ ವರ್ತಿಸಬಹುದು.

ಹಂತ 10: ಸ್ಟೀರಿಂಗ್ ಮತ್ತು ಇಸಿಯುವರೆಗಿನ ವೈರು

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರಿನ ಕೈಪಿಡಿ ಹೇಳುವುದಕ್ಕಿಂತ ಹೆಚ್ಚು ಹೊತ್ತು ಕಾದು, ಆಮೇಲೆ ಏರ್‌ಬ್ಯಾಗ್ ತೆಗೆದೆ. ತೆಗೆದ ಏರ್‌ಬ್ಯಾಗನ್ನು ಮುಖ ಮೇಲಾಗಿ ಇಡಬೇಕು. ಅದರ ಹಳದಿ ಕನೆಕ್ಟರುಗಳಿಗೆ ಮಲ್ಟಿಮೀಟರಿನ ಕಡ್ಡಿ ತಾಗಿಸಬಾರದು. ಮೀಟರಿನಿಂದ ಹರಿಯುವ ಅಲ್ಪ ವಿದ್ಯುತ್ತೂ ಅಲ್ಲಿ ಅಪಾಯ. ಈ ಎರಡು ಎಚ್ಚರಿಕೆಗಳಲ್ಲಿ ಸಂದೇಹವಿರುವವರು ಈ ಒಂದು ಹಂತವನ್ನು ನುರಿತ ಮೆಕ್ಯಾನಿಕ್ ಕೈಗೆ ಬಿಡುವುದು ಒಳ್ಳೆಯದು.

ಸ್ಟೀರಿಂಗ್ ತಿರುಗಿದರೂ ವೈರು ತುಂಡಾಗದಂತೆ ಸುರುಳಿಯಾಗಿ ಸುತ್ತಿರುವ ಕ್ಲಾಕ್ ಸ್ಪ್ರಿಂಗಿನಲ್ಲಿ ಕ್ರೂಸಿಗೆಂದೇ ಎರಡು ಖಾಲಿ ದಾರಿಗಳಿದ್ದವು. ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸುತ್ತಾ ಆ ದಾರಿಗಳನ್ನು ಅಳೆದಾಗ ಉದ್ದಕ್ಕೂ ಅರ್ಧ ಓಮಿಗಿಂತ ಕಡಿಮೆಯೇ ಇತ್ತು, ಎಲ್ಲಿಯೂ ಕಡಿಯಲಿಲ್ಲ. ಇದರಿಂದ ಸ್ಟೀರಿಂಗ್ ಚಕ್ರವನ್ನು ಕಳಚುವ ಅಗತ್ಯ ತಪ್ಪಿತು.

ಸ್ಟೀರಿಂಗ್ ಕಾಲಮ್ಮಿನ ಕೆಳಗಿನಿಂದ ಇಸಿಯುವರೆಗೆ ಮಾತ್ರ ಕಾರ್ಖಾನೆ ವೈರು ಹಾಕಿರಲಿಲ್ಲ. 0.5 ಚದರ ಮಿ.ಮೀ. ವೈರನ್ನು, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಲ್ಲಿ ಆಗಲೇ ಇರುವ ರಬ್ಬರ್ ಗ್ರಾಮೆಟ್ ಮೂಲಕ ದಾಟಿಸಿ, ಬಿಸಿ ಪೈಪುಗಳಿಂದ ದೂರವಾಗಿ ಮೂಲ ಹಾರ್ನೆಸ್ಸಿಗೇ ಕಟ್ಟಿಕೊಂಡು ಹೋದೆ. ಇಸಿಯು ಕನೆಕ್ಟರಿನ ಖಾಲಿ ಕಿಂಡಿಗೆ ಹೊಂದುವ ಟರ್ಮಿನಲ್ ಸಿಗುವುದೇ ಇಲ್ಲಿನ ಕಷ್ಟ. ನೋಡಲು ಒಂದೇ ತರಹ ಇದ್ದ ಮೊದಲನೆಯ ಟರ್ಮಿನಲ್ ಒಳಗೆ ಕುಳಿತರೂ ಮೆಲ್ಲಗೆ ಎಳೆದಾಗ ಜಾರಿ ಬಂತು. ಸರಿಯಾದದ್ದು ಕಿಂಡಿಯಲ್ಲಿ ಕಟ್ಟೆಂದು ಸದ್ದು ಮಾಡಿ ಕೂರುತ್ತದೆ, ಎಳೆದರೂ ಬರುವುದಿಲ್ಲ. ಅಲುಗಾಡುವ ಜಾಗದಲ್ಲಿ ಬೆಸುಗೆಯ ಅಂಚಿನಲ್ಲೇ ವೈರು ಮುರಿಯುವುದರಿಂದ ಇಲ್ಲಿ ಬೆಸುಗೆ ಹಾಕದೆ ಕ್ರಿಂಪ್ ಮಾತ್ರ ಮಾಡಿದ್ದೇನೆ. ಏರ್‌ಬ್ಯಾಗನ್ನು ಕೈಪಿಡಿಯ ಟಾರ್ಕಿನಲ್ಲಿ ಬಿಗಿದು, ಬ್ಯಾಟರಿ ಜೋಡಿಸಿದ ಮೇಲೆ ಏರ್‌ಬ್ಯಾಗ್ ದೀಪ ಎಂದಿನಂತೆ ಉರಿದು ಆರಿತು, ಹಾರ್ನ್ ಕೆಲಸ ಮಾಡಿತು. ಮುಖ್ಯ ಗುಂಡಿ ಒತ್ತಿದಾಗ ಮೀಟರಿನಲ್ಲಿ ಇದುವರೆಗೆ ಎಂದೂ ಕಾಣದ ಹಸಿರು ಕ್ರೂಸ್ ದೀಪ ಬೆಳಗಿತು. ಯಾವ ಕೋಡಿಂಗೂ ಬೇಕಾಗಲಿಲ್ಲ. ಎಲ್ಲ ಕಾರುಗಳಲ್ಲೂ ಹೀಗೆಯೇ ಎಂದು ಭಾವಿಸಬಾರದು, ಕೆಲವಕ್ಕೆ ಸ್ಕ್ಯಾನ್ ಉಪಕರಣದಿಂದ ಇಸಿಯುವಿನಲ್ಲಿ ಅನುಮತಿ ಕೊಡಬೇಕಾಗುತ್ತದೆ.

ದೀಪ ಬೆಳಗಿದರೆ ಕೆಲಸ ಮುಗಿಯಿತೆಂದು ಅನ್ನಿಸುವುದು ಸಹಜ. ರಸ್ತೆಗೆ ಒಯ್ಯಬಾರದ ಘಟ್ಟವೂ ಅದೇ.

ಹಂತ 11: ಬ್ರೇಕ್ ಮತ್ತು ಕ್ಲಚ್ ಸ್ವಿಚ್ಚುಗಳು

ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್ಚಿಗೆ ನಾಲ್ಕು ವೈರುಗಳಿದ್ದವು, ಅಂದರೆ ಒಳಗೆ ಎರಡು ಪ್ರತ್ಯೇಕ ಸಂಪರ್ಕಗಳು. ಪೆಡಲ್ ಬಿಟ್ಟಾಗ ಒಂದು ತೆರೆದಿರುತ್ತದೆ, ಒತ್ತಿದಾಗ ಸೇರಿ ಬ್ರೇಕ್ ದೀಪ ಉರಿಸುತ್ತದೆ. ಇನ್ನೊಂದು ಇದಕ್ಕೆ ವಿರುದ್ಧ: ಬಿಟ್ಟಾಗ ಸೇರಿದ್ದು ಒತ್ತಿದಾಗ ತೆರೆಯುತ್ತದೆ. ಎರಡನ್ನೂ ಹೋಲಿಸುವ ಇಸಿಯು, ಒಂದು ವೈರು ತುಂಡಾದರೂ ಗುರುತಿಸುತ್ತದೆ. ಪಿ0504 ಎಂಬ ಸಂಕೇತ ಈ ಹೊಂದಾಣಿಕೆ ತಪ್ಪಿದ್ದನ್ನೇ ಹೇಳುತ್ತದೆ. ಎರಡೇ ವೈರಿನ ಸ್ವಿಚ್ ಇರುವ ಕಾರಾಗಿದ್ದರೆ ಸ್ವಿಚ್ಚನ್ನೂ ಅದರ ವೈರಿಂಗನ್ನೂ ಬದಲಾಯಿಸದೆ ಕ್ರೂಸ್ ಜೋಡಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಸ್ಕ್ಯಾನ್ ಉಪಕರಣದಲ್ಲಿ ನೋಡುತ್ತಾ ಬೆರಳಿನಿಂದ ಪೆಡಲ್ ಒತ್ತಿದೆ. ಪೆಡಲ್ ಗಟ್ಟಿಯಾಗುವ ಮುಂಚೆಯೇ, ಅಂದರೆ ಕಾರು ನಿಧಾನವಾಗುವುದಕ್ಕೆ ಸಾಕಷ್ಟು ಮೊದಲೇ, ಎರಡೂ ಸಂಪರ್ಕಗಳು ಬದಲಾದವು.

ಕ್ಲಚ್ಚಿನ ಕತೆ ಬೇರೆ. ಕ್ಲಚ್ ಪೂರ್ತಿ ಒತ್ತಿದಾಗ ಮಾತ್ರ ಎಂಜಿನ್ ಚಾಲೂ ಆಗಲು ಬಿಡುವ ಸ್ವಿಚ್ಚೊಂದು ಪೆಡಲಿನ ತಳದಲ್ಲಿತ್ತು. ಕ್ರೂಸಿಗೆ ಅದು ಪ್ರಯೋಜನವಿಲ್ಲ. ಪೆಡಲ್ ಚಲಿಸತೊಡಗಿದ ಕೂಡಲೇ ತೆರೆಯುವ ಇನ್ನೊಂದು ಸ್ವಿಚ್ ಮೇಲ್ಭಾಗದಲ್ಲಿ ಬೇಕು. ಬ್ರಾಕೆಟ್ಟಿನಲ್ಲಿ ಅದಕ್ಕೆ ರಂಧ್ರವಿತ್ತು, ಸ್ವಿಚ್ ಇರಲಿಲ್ಲ. ಮೂಲ ಸ್ವಿಚ್ಚನ್ನೇ ಕೂರಿಸಿ, ನಕ್ಷೆಯಂತೆ ಇಸಿಯುವಿನ ಇನ್ನೊಂದು ಕಿಂಡಿಗೆ ಜೋಡಿಸಿದೆ.

ಮೊದಲ ಹೊಂದಿಕೆಯಲ್ಲಿ ಪೆಡಲ್ 40 ಮಿ.ಮೀ. ಚಲಿಸಿದ ಮೇಲೆ ಸ್ವಿಚ್ ತೆರೆಯುತ್ತಿತ್ತು. ಲೈವ್ ಡೇಟಾ "ಕ್ಲಚ್ ಒತ್ತಲಾಗಿದೆ" ಎಂದು ತೋರಿಸುತ್ತಿದ್ದುದರಿಂದ ಎಲ್ಲವೂ ಸರಿಯಿದೆ ಎನ್ನುವಂತೆಯೇ ಇತ್ತು. ಆದರೆ ಕ್ಲಚ್ ಬಿಡಿಸಿಕೊಳ್ಳಲಾರಂಭಿಸುವುದು ಸುಮಾರು 35 ಮಿ.ಮೀ.ಗೆ ಎಂದು ಅಳತೆಪಟ್ಟಿ ಹಿಡಿದು ನೋಡಿದಾಗ ತಿಳಿಯಿತು. ಅಂದರೆ ಚಕ್ರಗಳಿಂದ ಎಂಜಿನ್ ಬಿಡಿಸಿಕೊಳ್ಳುತ್ತಿರುವಾಗಲೂ ಕ್ರೂಸ್ ಥ್ರಾಟಲನ್ನು ತೆರೆದೇ ಹಿಡಿದಿರುತ್ತಿತ್ತು, ಹೊರೆಯಿಲ್ಲದ ಎಂಜಿನ್ ಅಬ್ಬರಿಸಿ ಮೇಲಕ್ಕೆ ಹೋಗುತ್ತಿತ್ತು. ಲಾಕ್ ನಟ್ ಸಡಿಲಿಸಿ ಸ್ವಿಚ್ಚನ್ನು ಸರಿಸಿ 12 ಮಿ.ಮೀ.ಗೆ ತೆರೆಯುವಂತೆ ಹೊಂದಿಸಿದೆ. ಅದೇ ದಿಕ್ಕಿನಲ್ಲಿ ಇನ್ನೂ ಸರಿಸಿ ನೋಡಿದಾಗ, ಹಳ್ಳದಿಣ್ಣೆಯ ರಸ್ತೆಯಲ್ಲಿ ಪೆಡಲ್ ನಡುಗಿದರೂ ಸ್ವಿಚ್ ತೆರೆಯುವಷ್ಟು ಸೂಕ್ಷ್ಮವಾಯಿತು. ಕೊನೆಗೆ 12ಕ್ಕೇ ಮರಳಿದೆ. ಇಡೀ ಯೋಜನೆಯಲ್ಲಿ ಇಷ್ಟು ಸಮಯ ತೆಗೆದುಕೊಂಡ ಇನ್ನೊಂದು ಅಳತೆ ಇಲ್ಲ.

ಹಂತ 12: ರಸ್ತೆಯಲ್ಲಿ ಪರೀಕ್ಷೆ

ಜಾಕಿನ ಮೇಲೆ ಮುಂದಿನ ಚಕ್ರಗಳನ್ನೆತ್ತಿ ಓಡಿಸುವ ಪರೀಕ್ಷೆಯನ್ನು ಮಾಡಲಿಲ್ಲ. ಅದು ಅಪಾಯಕರ, ಜೊತೆಗೆ ಮುಂದಿನ ಚಕ್ರ ತಿರುಗಿ ಹಿಂದಿನದು ನಿಂತಿರುವುದನ್ನು ಎಬಿಎಸ್ ದೋಷವೆಂದು ದಾಖಲಿಸುತ್ತದೆ. ವಾಹನಗಳಿಲ್ಲದ ನೇರ ರಸ್ತೆಯಲ್ಲಿ, ಪಕ್ಕದಲ್ಲಿ ಒಬ್ಬರು ಸ್ಕ್ಯಾನ್ ಉಪಕರಣ ಹಿಡಿದಿರುವಾಗ ಪರೀಕ್ಷಿಸಿದೆ. 40ಕ್ಕಿಂತ ಕಡಿಮೆ ವೇಗದಲ್ಲಿ ಸೆಟ್ ಆಗಲೇ ಇಲ್ಲ, ಅದು ಮೂಲ ವಿನ್ಯಾಸವೇ. 60ರಲ್ಲಿ ಸೆಟ್ ಮಾಡಿ, ಕಾಲನ್ನು ಬ್ರೇಕ್ ಮೇಲೆ ಸುಮ್ಮನೆ ಇಟ್ಟಷ್ಟಕ್ಕೇ ಬಿಟ್ಟಿತು. ಮತ್ತೆ ಸೆಟ್ ಮಾಡಿ ಕ್ಲಚ್ ಮುಟ್ಟಿದಾಗ ಸುತ್ತುಗಳು ಏರದೆ ಇಳಿದವು. ಕ್ಯಾನ್ಸಲ್ ಗುಂಡಿ, ಮುಖ್ಯ ಗುಂಡಿ ಎರಡೂ ಬಿಡಿಸಿದವು. ನಂತರ ಕಾರು ನಿಲ್ಲಿಸಿ ಬ್ರೇಕ್ ದೀಪದ ಫ್ಯೂಸ್ ತೆಗೆದು, ಹಿಂದೆ ಯಾವ ವಾಹನವೂ ಇಲ್ಲದ ಅದೇ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಸೆಟ್ ಒತ್ತಿದೆ: ಕ್ರೂಸ್ ಒಪ್ಪಿಕೊಳ್ಳಲಿಲ್ಲ. ಈ ಉತ್ತರ ಸಿಕ್ಕ ಮೇಲೆಯೇ ಫ್ಯೂಸ್ ಮರಳಿಸಿ, ದಾಖಲಾದ ಸಂಕೇತ ಅಳಿಸಿ, ಕೆಲಸ ಒಂದು ನೆಲೆಗೆ ಬಂತೆಂದು ಒಪ್ಪಿದೆ.

ವೇಗ ಹಿಡಿದಿಡುವ ನಿಖರತೆ ನೋಡಲು ಡಿಸ್‌ಪ್ಲೇ ನೆರವಾಯಿತು. ಸಮತಟ್ಟಿನಲ್ಲಿ 60ಕ್ಕೆ ಇಟ್ಟರೆ ಅಂಕಿ 59, 60, 61ರ ನಡುವೆಯೇ ಇರುತ್ತದೆ, ದೇಹಕ್ಕೆ ಎಳೆತವಾಗಲಿ ತಡೆಯಾಗಲಿ ತಿಳಿಯುವುದಿಲ್ಲ. ಈ ನಯವೇ ಸಾಧನದ ಮೂಲ ಉದ್ದೇಶವಾಗಿತ್ತು: ಇದಕ್ಕೆ 1950ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ದೃಷ್ಟಿ ಇಲ್ಲದವರು, ಬೇರೆಯವರು ಓಡಿಸುವ ಕಾರಿನ ಏರಿಳಿತವನ್ನು ಪ್ರಯಾಣಿಕರಾಗಿ ಅನುಭವಿಸಿದವರು. ಅವರ ಸಾಧನ 1958ರ ಮಾದರಿಯ ಕ್ರೈಸ್ಲರ್ ಕಾರುಗಳಲ್ಲಿ ಬಂತು. ಆದರೆ ಇಳಿಜಾರಿನಲ್ಲಿ ಅಂಕಿ 68ಕ್ಕೆ ಹೋಯಿತು. ಈ ಬಗೆಯ ಕ್ರೂಸ್ ಥ್ರಾಟಲನ್ನು ಮುಚ್ಚಬಲ್ಲುದೇ ಹೊರತು ಬ್ರೇಕ್ ಹಾಕಲಾರದು. ವೇಗಮಿತಿ ಇರುವ ಇಳಿಜಾರಿನಲ್ಲಿ ಗೇರ್ ಇಳಿಸಿ ಓಡಿಸುವುದೇ ಸರಿ.

ಹಂತ 13: ಈಗಿನ ಬಳಕೆ ಮತ್ತು ಬಾಕಿ ಕೆಲಸ

ನಿತ್ಯದ ದಾರಿಯಲ್ಲಿ ಸಿಗ್ನಲ್ಲುಗಳ ನಡುವೆ ಕ್ರೂಸಿಗೆ ಕೆಲಸವಿಲ್ಲ. ವೇಗಮಿತಿ ಒಂದೇ ಇರುವ ಉದ್ದನೆಯ ತುಂಡಿನಲ್ಲಿ, ಮುಂದಿನ ವಾಹನ ಸಾಕಷ್ಟು ದೂರದಲ್ಲಿದ್ದಾಗ ಮಾತ್ರ ಹಾಕುತ್ತೇನೆ. ಮಳೆಯಲ್ಲಿ, ಜಾರುವ ರಸ್ತೆಯಲ್ಲಿ ಹಾಕುವುದಿಲ್ಲ: ಚಕ್ರ ಹಿಡಿತ ತಪ್ಪುವ ಕ್ಷಣದಲ್ಲಿ ಥ್ರಾಟಲ್ ನನ್ನ ಕಾಲಿನ ಕೆಳಗೇ ಇರಬೇಕು. ಡಿಸ್‌ಪ್ಲೇ ಮಾತ್ರ ಪ್ರತಿ ಕ್ಷಣವೂ ಉಪಯೋಗದಲ್ಲಿದೆ, ಮೀಟರಿನ ಕಡೆ ಕಣ್ಣು ಇಳಿಸುವುದು ಬಹುತೇಕ ನಿಂತಿದೆ.

ಕ್ಲಚ್ ಸ್ವಿಚ್ಚಿನ ಲಾಕ್ ನಟ್ ಕೆಲವು ವಾರಗಳ ಓಡಾಟದ ನಂತರ ನೋಡಿದಾಗ ಸರಿದಿರಲಿಲ್ಲ. ಮುಂದಿನ ಆಯಿಲ್ ಬದಲಾವಣೆಯ ಹೊತ್ತಿಗೆ ಮತ್ತೆ ಅಳೆಯುತ್ತೇನೆ. ಸೇರಿಸಿದ ಪ್ರತಿ ವೈರಿಗೂ ಎರಡು ತುದಿಯಲ್ಲಿ ಚೀಟಿ ಕಟ್ಟಿ, ಫ್ಯೂಸಿನ ಸ್ಥಾನ ಮತ್ತು ಇಸಿಯು ಕಿಂಡಿಯ ಸಂಖ್ಯೆ ಬರೆದ ಹಾಳೆಯನ್ನು ಕೈಪಿಡಿಯೊಳಗೆ ಇಟ್ಟಿದ್ದೇನೆ, ಬೇರೆ ಮೆಕ್ಯಾನಿಕ್ ಕೈಗೆ ಕಾರು ಹೋದರೆ ಅವರು ಹುಡುಕಾಡಬಾರದು. ಕಾರಿನ ಮೂಲ ವೈರಿಂಗಿಗೆ ಮಾಡಿದ ಬದಲಾವಣೆಯನ್ನು ವಿಮೆಯವರಿಗೆ ತಿಳಿಸಿದ್ದೇನೆ.

ಬಾಕಿ ಇರುವುದು ಒಂದು. ಸೆಟ್ ಮಾಡಿದ ವೇಗ ಎಷ್ಟೆಂದು ಡಿಸ್‌ಪ್ಲೇ ತೋರಿಸುವುದಿಲ್ಲ, ಏಕೆಂದರೆ ವೇಗ, ಸುತ್ತು, ಉಷ್ಣತೆಗಳನ್ನು ಕೇಳಿದಂತೆ ಅದನ್ನು ಕೇಳಲು ಬಳಸುತ್ತಿರುವ ಸಾಮಾನ್ಯ ಸಂಕೇತಗಳಲ್ಲಿ ದಾರಿಯಿಲ್ಲ. ಸ್ವಿಚ್ಚಿನ ವೈರಿನಿಂದ ಗುಂಡಿ ಒತ್ತಿದ ಕ್ಷಣವನ್ನು ಓದಿ ಊಹಿಸಬಹುದು. ಆದರೆ ಓಮಿನ ಮೇಲೆ ನಿಂತಿರುವ ಆ ವೈರಿಗೆ ಇನ್ನೊಂದು ಸಾಧನದ ಹೊರೆ ಹಾಕಿದರೆ ಕ್ಯಾನ್ಸಲ್ ಗುಂಡಿಯ ಓದು ಬದಲಾಗಬಹುದಾದ್ದರಿಂದ, ಆ ವೈರನ್ನು ಮುಟ್ಟದೆ ಮಾಡುವ ದಾರಿ ಸಿಗುವವರೆಗೆ ಡಿಸ್‌ಪ್ಲೇ ಈಗಿರುವಂತೆಯೇ ಇರುತ್ತದೆ.